ಐರ್ಲೆಂಡಿನ ಚಹಾ, ತಾಂಡಾದ ಅಳು

ಅಳಿಯನಾಗುವ ಹುಡುಗ ಪ್ರತಿ ಶನಿವಾರ ಮಧ್ಯಾಹ್ನ ಎಲ್ಲಿಗೋ ಹೋಗುತ್ತಾನೆ ಎನ್ನುವುದು ನನಗೆ ತಿಳಿದದ್ದು ಬೆಲ್ಲ ಹಂಚಿದ ಮೇಲೆ. ನಮ್ಮ ಲಂಬಾಣಿಗಳಲ್ಲಿ ಎರಡೂ ಕಡೆಯವರು ಕೂತು ಬೆಲ್ಲ ತಿಂದರೆ ಸಂಬಂಧ ಕುದುರಿತು ಎಂದೇ ಅರ್ಥ. ಆಮೇಲೆ ತಕರಾರು ತೆಗೆದರೆ ತೆಗೆದವರೇ ಕೆಟ್ಟವರಾಗುತ್ತಾರೆ. ಮೊದಲೇ ಗೊತ್ತಿದ್ದರೆ ಬೆಲ್ಲದ ತಟ್ಟೆ ಮುಂದೆ ಬರುವುದಕ್ಕೆ ಮುಂಚೆಯೇ ನಾಲ್ಕು ಮಾತು ಕೇಳಿಬಿಡುತ್ತಿದ್ದೆ.

ಹುಡುಗನ ಮನೆ ಸೇಡಂನಲ್ಲಿ. ಅವನು ಐರ್ಲೆಂಡಿನಲ್ಲಿ, ಸಮುದ್ರದ ದಂಡೆಯ ಒಂದು ಊರಿನ ಆಸ್ಪತ್ರೆಯಲ್ಲಿ ನರ್ಸ್. ನನ್ನ ಮಗಳು ಚಿತ್ತಾಪುರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ನಾನು ವಾಡಿಯಿಂದ ದಿನಾ ರೈಲಿನಲ್ಲಿ ಶಹಾಬಾದಿಗೆ ಓಡಾಡಿ, ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಯಜಮಾನರು ರೈಲ್ವೆಯಲ್ಲಿದ್ದವರು, ಯಾರು ಏನು ಹೇಳಿದರೂ ನಂಬುವ ಸ್ವಭಾವದವರು. ಮನೆಯಲ್ಲಿ ಒಬ್ಬರಾದರೂ ಅನುಮಾನಪಡಬೇಕಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಅಪ್ಪ ಚಿಂಚೋಳಿ ಕಡೆಯ ತಾಂಡಾ ಬಿಟ್ಟು ಶಹಾಬಾದಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರುವ ಕೆಲಸಕ್ಕೆ ಬಂದಾಗ ನಾನಿನ್ನೂ ಚಿಕ್ಕವಳು. ನಾವು ಬಾಡಿಗೆಗಿದ್ದ ಓಣಿಯಲ್ಲಿ ಯಾರದಾದರೂ ಕೊಡ ಕಳೆದರೂ, ಕೋಳಿ ಕಳೆದರೂ, ಮೊದಲು ಬಡಿಯುತ್ತಿದ್ದದ್ದು ನಮ್ಮ ಬಾಗಿಲು. ಕೋಳಿ ಸಂಜೆಗೆ ತಾನಾಗಿ ಮನೆಗೆ ಬಂದರೂ, ನಿಮ್ಮನ್ನು ಸುಮ್ಮನೆ ಕೇಳಿದೆವು ಎಂದು ಹೇಳಲು ಯಾರೂ ಬರುತ್ತಿರಲಿಲ್ಲ. ಅದಕ್ಕೇ ಅಪ್ಪ ಕಟ್ಟಪ್ಪಣೆ ಮಾಡಿದ: ಹೊಸ್ತಿಲು ದಾಟಿದ ಮೇಲೆ ತಾಂಡಾದ ಮಾತು ಒಂದೂ ಬಾಯಿಂದ ಬೀಳಕೂಡದು. ತಾಯಿ ಆ ಅಪ್ಪಣೆಯನ್ನು ಹೊಸ್ತಿಲ ಒಳಗೂ ತಂದಳು. ಅಲ್ಲಿಯವರೆಗೆ ಅವಳನ್ನು ನಮ್ಮ ಮಾತಿನಲ್ಲಿ ಯಾಡಿ ಎಂದು ಕರೆಯುತ್ತಿದ್ದೆ, ಆಮೇಲೆ ಓಣಿಯ ಎಲ್ಲ ಮಕ್ಕಳ ಹಾಗೆ ಅವ್ವ ಎಂದೆ. ನಮ್ಮ ಗೋರಬೋಲಿ ನನಗೆ ಈಗಲೂ ಪೂರ್ತಿ ತಿಳಿಯುತ್ತದೆ. ಆಡಲು ಹೋದರೆ ಮಾತ್ರ ಮೊದಲ ಪದಕ್ಕೇ ಕನ್ನಡ ಬಂದು ಕೂರುತ್ತದೆ. ಮಗಳಿಗೆ ನಾನು ಅದನ್ನು ಕಲಿಸಲಿಲ್ಲ, ಕಲಿಸದೆ ಇದ್ದದ್ದು ಸರಿ ಎಂದೇ ಇವತ್ತಿಗೂ ಹೇಳುತ್ತೇನೆ. ಅವಳು ಬೆಳೆದ ಮನೆಯ ಬಾಗಿಲನ್ನು ಯಾರೂ ಬಡಿಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಹುಡುಗ ಗಡಿಬಿಡಿಯಿಂದ ಜಾಕೆಟ್ ಏರಿಸಿಕೊಳ್ಳುತ್ತಾ, ಆಮೇಲೆ ಮಾತಾಡುತ್ತೇನೆ, ಐರಿಷ್ ಮಾತಾಡಲು ಹೋಗಬೇಕು ಎಂದ. ಅವರಲ್ಲಿ ಆಗ ಮಧ್ಯಾಹ್ನ. ನನ್ನ ಕಿವಿ ನೆಟ್ಟಗಾಯಿತು. ಐರ್ಲೆಂಡಿನಲ್ಲಿ ಇಂಗ್ಲಿಷ್ ಮಾತಾಡುತ್ತಾರೆ ಎಂದೇ ಅಲ್ಲವೇ ಇವನು ಇಂಗ್ಲಿಷ್ ಪರೀಕ್ಷೆಗೆ ಬಿದ್ದು ಎದ್ದು ಓದಿದ್ದು? ಅದನ್ನು ಅವನ ತಂದೆಯೇ ಬೆಲ್ಲ ತಿನ್ನುತ್ತಾ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಹಾಗಾದರೆ ನಡುವೆ ಈ ಐರಿಷ್ ಎಲ್ಲಿಂದ ಬಂತು?

ಮರುದಿನ ನಾನೇ ವಿಡಿಯೋ ಕಾಲ್ ಮಾಡಿಸಿ ಕೇಳಿದೆ. ಅವನು ಹೇಳಿದ್ದಿಷ್ಟು. ಅಲ್ಲಿಯವರಿಗೆ ಅವರದೇ ಒಂದು ಹಳೆಯ ಭಾಷೆ ಇದೆಯಂತೆ. ಇಂಗ್ಲಿಷರ ಆಳ್ವಿಕೆಯಲ್ಲಿ, ಬರಗಾಲದಲ್ಲಿ, ಹಡಗು ಹತ್ತಿ ಊರು ಬಿಡುವ ಅವಸರದಲ್ಲಿ ಜನ ಅದನ್ನು ಬಿಡುತ್ತಾ ಬಂದರಂತೆ. ಈಗ ಮನೆಮಾತಾಗಿ ಉಳಿದಿರುವುದು ಸಮುದ್ರದ ಬದಿಯ ಕೆಲವು ಹಳ್ಳಿಗಳಲ್ಲಿ ಮಾತ್ರ. ಮಿಕ್ಕವರು ಶಾಲೆಯಲ್ಲಿ ಕಲಿಯುತ್ತಾರೆ, ಪರೀಕ್ಷೆ ಮುಗಿಸಿ ಮರೆಯುತ್ತಾರೆ. ಆದರೆ ಈಚೆಗೆ ಹಲವರಿಗೆ ಅದು ಮತ್ತೆ ಬೇಕೆನಿಸಿದೆ. ಊರಿನ ಬೋರ್ಡುಗಳಲ್ಲಿ ಎರಡೂ ಭಾಷೆ ಇವೆ. ಪಾಠವನ್ನೆಲ್ಲ ಐರಿಷಿನಲ್ಲೇ ಮಾಡುವ ಶಾಲೆಗಳಿವೆ. ತಮಗೆ ಸರಿಯಾಗಿ ಬಾರದಿದ್ದರೂ ತಂದೆತಾಯಿ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ. ಇವನ ವಾರ್ಡಿನ ಹಿರಿಯ ನರ್ಸೊಬ್ಬಾಕೆ ಒಂದು ಸಲ ಕರೆದುಕೊಂಡು ಹೋದಳಂತೆ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಜನ ಸೇರಿ ಚಹಾ ಕುಡಿಯುತ್ತಾ ಮಾತಾಡುತ್ತಾರಂತೆ, ಅಷ್ಟು ಹೊತ್ತು ಇಂಗ್ಲಿಷ್ ಆಡುವಂತಿಲ್ಲವಂತೆ. ಪರವೂರಿನಲ್ಲಿ ಒಬ್ಬನೇ ಕೂತು ಬೇಜಾರಾಗಿದ್ದ ಇವನು ಚಹಾದ ಆಸೆಗೆ ಹೋಗತೊಡಗಿದನಂತೆ.

ಇಷ್ಟೊಂದು 'ಅಂತೆ' ನನಗೆ ಹಿಡಿಸಲಿಲ್ಲ. ನಾನು ಜೀವನವೆಲ್ಲ ಕನ್ನಡ ಶಾಲೆಯಲ್ಲಿ ಕಳೆದವಳು. ಹಳದಿ ಬಸ್ಸು ಬಂದು ನಮ್ಮ ಶಾಲೆಯ ಎದುರೇ ನಿಂತು, ಓಣಿಯ ಮಕ್ಕಳನ್ನೆಲ್ಲ ಇಂಗ್ಲಿಷ್ ಮೀಡಿಯಂಗೆ ಎತ್ತಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದವಳು. ನನ್ನ ಮಗಳೂ ಅಂಥದೇ ಬಸ್ಸು ಹತ್ತಿ ಕಲಿತವಳು. ಇಂಗ್ಲಿಷ್ ಹುಟ್ಟುತ್ತಲೇ ಬಾಯಲ್ಲಿರುವ ಜನ ಅದನ್ನು ಬದಿಗಿಟ್ಟು, ನೌಕರಿ ಕೊಡದ ಮಾತೊಂದನ್ನು ವಾರವಾರ ಬಂದು ಕೂತು ಕಲಿಯುತ್ತಾರೆ ಎಂದರೆ ನಂಬಲು ನನಗೇನು ತಲೆ ಕೆಟ್ಟಿದೆಯೇ? ನಮ್ಮ ಕಡೆ ಯಾರಾದರೂ ಪುಕ್ಕಟೆ ಚಹಾ ಕೊಟ್ಟು ಕೂಡಿಸಿದರೆಂದರೆ ಕೊನೆಯಲ್ಲಿ ಏನೋ ಒಂದು ಹೊರಗೆ ಬರುತ್ತದೆ. ಒಂದೋ ಓಟು, ಇಲ್ಲವೇ ಕಂತಿನ ಮೇಲೆ ಕುಕ್ಕರು, ಇಲ್ಲವೇ ಹೊಸ ದೇವರು. ಇದು ದೇವರ ಪೈಕಿ ಇರಬೇಕು ಎಂದು ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, ಇದ್ದರೆ ಇರಲಿ, ದೇವರೇ ತಾನೆ ಎಂದರು.

ಇದಕ್ಕಿಂತ ದೊಡ್ಡ ಅನುಮಾನ ಒಂದಿತ್ತು, ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹಿರಿಯ ನರ್ಸು ಎಂದನಲ್ಲ, ಎಷ್ಟು ಹಿರಿಯಳೋ ಯಾರಿಗೆ ಗೊತ್ತು. ಕಣ್ಣಾರೆ ನೋಡದೆ ಮಗಳನ್ನು ಅಷ್ಟು ದೂರ ಕಳಿಸುವುದಿಲ್ಲ, ತಿಂದ ಬೆಲ್ಲ ಹೋದರೆ ಹೋಗಲಿ, ಸಂಬಂಧ ಮುರಿಯುತ್ತೇನೆ ಎಂದು ಮನೆಯಲ್ಲಿ ಖಡಾಖಡಿ ಹೇಳಿಬಿಟ್ಟೆ. ಮಗಳ ಮುಖ ಸಣ್ಣದಾಯಿತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅದು ನನಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ನನಗೆ ಹೆಚ್ಚು ಭಯ.

ಮುಂದಿನ ಶನಿವಾರ ಹುಡುಗ ಆ ಕೋಣೆಯಿಂದಲೇ ಫೋನ್ ಮಾಡಿದ. ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು. ಅವನು ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿದ. ಉದ್ದನೆಯ ಮೇಜು, ಚಹಾದ ಕಪ್ಪುಗಳು, ಬಿಸ್ಕತ್ತು, ಹೆಚ್ಚಿನವರು ಬಿಳಿ ಕೂದಲಿನವರು. ಗಡ್ಡದ ತರುಣನೊಬ್ಬ ಒಂದು ಮಾತಿಗಾಗಿ ತಡಕಾಡುತ್ತಾ ಗಾಳಿಯಲ್ಲಿ ಕೈ ಆಡಿಸುತ್ತಿದ್ದ. ಎಲ್ಲರೂ ಕಾಯುತ್ತಿದ್ದರೇ ಹೊರತು ಯಾರೂ ಅವನಿಗೆ ಇಂಗ್ಲಿಷ್ ಎತ್ತಿಕೊಡಲಿಲ್ಲ. ಗೋಡೆಯ ಮೇಲೆ ದೇವರ ಪಟವಿಲ್ಲ, ಮೂಲೆಯಲ್ಲಿ ಕುಕ್ಕರಿನ ಡಬ್ಬಿಯಿಲ್ಲ. ಎಲ್ಲ ಇಷ್ಟು ಸಾಫ್ ಆಗಿದ್ದದ್ದೇ ನನಗೆ ಸಂಶಯ.

ಆಗ ಆ ಹಿರಿಯ ನರ್ಸು ಬಂದು ಫೋನಿನ ಎದುರು ಕೂತಳು. ನನಗಿಂತ ದೊಡ್ಡವಳು, ಮೊಮ್ಮಕ್ಕಳಿರುವ ವಯಸ್ಸು. ದೊಡ್ಡ ಅನುಮಾನ ಅಲ್ಲಿಗೆ ಮುಗಿಯಿತು, ಸಣ್ಣವು ಉಳಿದವು. ಆಕೆ ತನ್ನ ಭಾಷೆಯಲ್ಲೇ ನನ್ನನ್ನು ಏನೋ ಕೇಳಿದಳು. ಮಗಳ ಜೊತೆ ನೀವು ಯಾವ ಭಾಷೆ ಆಡುತ್ತೀರಿ ಎಂದು ಕೇಳುತ್ತಿದ್ದಾರೆ ಎಂದ ಹುಡುಗ. ಕನ್ನಡ ಎಂದೆ. ಆಕೆ ತಲೆದೂಗಿ ಮತ್ತೇನೋ ಕೇಳಿದಳು. ಈ ಸಲ ಅವನು ಸ್ವಲ್ಪ ತಡೆದು ಹೇಳಿದ:

"ನಿಮ್ಮ ಅವ್ವ ನಿಮ್ಮ ಜೋಡಿ ಯಾವ ಮಾತ ಆಡ್ತಿದ್ರು ಅಂತ ಕೇಳಾಕತ್ತಾರ್ರಿ ಅತ್ತಿ."

ನನಗೆ ಮೈ ಉರಿದುಹೋಯಿತು. ಯಾವ ಜನ, ಎಲ್ಲಿಯವರು, ಮನೆಯಲ್ಲಿ ಏನು ಮಾತಾಡುತ್ತೀರಿ. ಇವೇ ಪ್ರಶ್ನೆಗಳನ್ನು ಶಹಾಬಾದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಚಹಾ ಕುಡಿಯುತ್ತಾ ನಗುಮುಖದಿಂದ ಕೇಳಿದರೆ ಪ್ರಶ್ನೆ ಬದಲಾಗುತ್ತದೆಯೇ? ನೆಟ್‌ವರ್ಕ್ ಹೋಯಿತು ಎಂದು ಕಟ್ ಮಾಡಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

ಅದರ ಮುಂದಿನ ಭಾನುವಾರದಿಂದ ಅವಳು ಬೆಳಿಗ್ಗೆ ಎದ್ದು ಚಿಂಚೋಳಿಗೆ ಹೋಗತೊಡಗಿದಳು. ಅಲ್ಲಿ ಗೆಳತಿಯೊಬ್ಬಳು ಮದುವೆಯ ಬ್ಲೌಸು ಹೊಲಿಯುತ್ತಾಳೆ ಎಂದಳು. ಭಾನುವಾರಗಳು ಹೋದವು, ಬ್ಲೌಸು ಮಾತ್ರ ಮನೆಗೆ ಬರಲಿಲ್ಲ. ಸಂಜೆ ಬಂದಾಗ ಕಣ್ಣು ಊದಿರುತ್ತಿತ್ತು, ಗಂಟಲು ಕಟ್ಟಿರುತ್ತಿತ್ತು. ಕೇಳಿದರೆ ಬಸ್ಸಿನ ಧೂಳು ಎನ್ನುತ್ತಿದ್ದಳು. ಅಲ್ಲಿಗೆ ನಾನು ಅಳಿಯನನ್ನು ಬಿಟ್ಟು ಮಗಳ ಬೆನ್ನಿಗೆ ಬಿದ್ದೆ. ಹುಡುಗ ಇಷ್ಟವೆಂದು ಬಾಯಲ್ಲಿ ಹೇಳುತ್ತಾಳೆ, ಮನಸ್ಸು ಚಿಂಚೋಳಿಯಲ್ಲಿ ಯಾರ ಹತ್ತಿರವೋ ಇದೆ ಎಂದು ತೀರ್ಮಾನಿಸಿದೆ.

ಚಪ್ಪಲಿ ಬೇರೆಯೇ ಕತೆ ಹೇಳುತ್ತಿದ್ದವು. ವಾಡಿಯಲ್ಲಿ ಚಪ್ಪಲಿಗೆ ಹತ್ತುವುದು ಸಿಮೆಂಟು ಕಾರ್ಖಾನೆಯ ಬೂದಿ ಬಣ್ಣದ ಧೂಳು, ಸೇಡಂ ಕಡೆಯಾದರೆ ಕರಿಮಣ್ಣು. ಅವಳ ಚಪ್ಪಲಿಗೆ ಹತ್ತಿದ್ದದ್ದು ಕೆಂಪು ಮಣ್ಣು. ಅದು ಚಿಂಚೋಳಿ ದಾಟಿ ಕುಂಚಾವರಂ ಅಡವಿಯ ಕಡೆ ಹೋದವರಿಗೆ ಹತ್ತುವಂಥದ್ದು. ಅಲ್ಲಿ ತಾಂಡಾದಲ್ಲಿ ನನ್ನ ತಾಯಿಯ ತಂಗಿ, ನಮ್ಮ ಮೌಶಿ ಇದ್ದಾಳೆ. ಮೌಶಿಗೆ ಗೋರಬೋಲಿ ಬರುತ್ತದೆ, ತೆಲುಗು ಬರುತ್ತದೆ, ಕನ್ನಡ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತದೆ. ನನ್ನ ಮಗಳಿಗೆ ಅವಳ ಜೊತೆ ದಿನವಿಡೀ ಕೂತು ಆಡಲು ಮಾತೇನಿದೆ? ಮೌಶಿಯ ಮನೆಯ ನೆಪದಲ್ಲಿ ಇನ್ನೇನೋ ನಡೆದಿದೆ ಎಂದುಕೊಂಡೆ.

ಒಂದು ಭಾನುವಾರ ಅವಳು ಹೊರಟ ಮೇಲೆ ಅದರ ಹಿಂದೆ ಬಂದ ಬಸ್ಸಿಗೆ ನಾನೂ ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮಕ್ಕಳ ಬೆನ್ನು ಹತ್ತುವುದು ತಾಯಂದಿರಿಗೆ ಸಲೀಸಾಗಿದೆ. ಸೇಡಂನಲ್ಲಿ ಇಳಿದು ಬಸ್ಸು ಬದಲಿಸಿ, ಚಿಂಚೋಳಿಯಿಂದ ಟಂಟಂ ಆಟೋದಲ್ಲಿ ಕೂತು, ತಾಂಡಾದ ದಾರಿಯಲ್ಲಿ ಇಳಿದು ನಡೆದೆ. ಮೌಶಿಯ ಮನೆ ಇನ್ನೂ ದೂರವಿರುವಾಗಲೇ ಒಳಗಿನಿಂದ ಅಳು ಕೇಳಿಸಿತು.

ನಮ್ಮ ಹೆಂಗಸರ ಅಳುವಿಗೆ ರಾಗವಿದೆ. ಅದಕ್ಕೆ ಢಾವಲೊ ಎನ್ನುತ್ತಾರೆ. ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳು ತಬ್ಬಿ ಅತ್ತು ಹಾಡುತ್ತಾಳೆ. ಹೇಳಬೇಕಾದದ್ದನ್ನೆಲ್ಲ ಆ ಅಳುವಿನಲ್ಲೇ ಹೇಳುತ್ತಾಳೆ, ತಬ್ಬಿಸಿಕೊಂಡವರು ಅಳುತ್ತಲೇ ಉತ್ತರ ಕೊಡಬೇಕು. ಸತ್ತವರ ಮನೆಯಲ್ಲೂ ಹೆಂಗಸರು ಕೊರಳು ಹಿಡಿದು ಹೀಗೆಯೇ ಅಳುತ್ತಾರೆ. ದೂರದಿಂದ ಕೇಳಿದರೆ ಮದುವೆಯೋ ಸಾವೋ ಹೇಳುವುದು ಕಷ್ಟ. ತಾಂಡಾದಲ್ಲಿ ಆಗ ಯಾವ ಮದುವೆಯೂ ಇರಲಿಲ್ಲ, ಮೌಶಿಗೆ ವಯಸ್ಸಾಗಿತ್ತು. ಮೌಶಿ ಹೋದಳು ಎಂದು ನನ್ನ ಎದೆ ಒಡೆಯಿತು. ಸಾವಿನ ಮನೆಗೆ ಬರುವ ಹೆಂಗಸು ಬಾಗಿಲಿಗೆ ಬರುವ ಮೊದಲೇ ದನಿ ತೆಗೆಯಬೇಕು, ಅದು ನಮ್ಮ ಪದ್ಧತಿ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಂಗಳದಿಂದಲೇ ದನಿ ಎತ್ತಿ ಅಳುತ್ತಾ ಒಳಗೆ ನುಗ್ಗಿ, ಮೊದಲು ಸಿಕ್ಕ ಕೊರಳನ್ನು ತಬ್ಬಿಕೊಂಡೆ. ಅದು ಮೌಶಿಯ ಕೊರಳು.

ಮೌಶಿ ತಂಬಾಕು ಜಗಿಯುತ್ತಿದ್ದಳು. ಎದುರಿಗೆ ಢಾವಲೊ ಕಲಿಯುತ್ತಿದ್ದ ನನ್ನ ಮಗಳು ತೆರೆದ ಬಾಯಿ ತೆರೆದ ಹಾಗೆಯೇ ಕೂತಿದ್ದಳು. ಮೌಶಿ ನನ್ನನ್ನು ಬಿಡಿಸಿಕೊಳ್ಳಲಿಲ್ಲ, ನನ್ನ ಅಳು ಮುಗಿಯುವವರೆಗೂ ಬೆನ್ನು ಸವರುತ್ತಿದ್ದಳು. ಆಮೇಲೆ ಮಗಳ ಕಡೆ ತಿರುಗಿ, ಅವಳಿಗೆ ಪೂರ್ತಿ ತಿಳಿಯಲಿ ಎಂದೋ ಏನೋ, ತನ್ನ ಸಂತೆಯ ಕನ್ನಡದಲ್ಲೇ ಹೇಳಿದಳು:

"ನಿಮ್ಮವ್ವಗ ಅಳಾಕ ಬರೊಬ್ಬರಿ ಬರ್ತದ. ಅದರಾಗ ಮಾತೇ ಇಲ್ಲ ನೋಡು."

ನಿಜ. ಅಷ್ಟು ಹೊತ್ತು ನಾನು ರಾಗ ಎಳೆದಿದ್ದೆ, ಒಂದು ಪದವನ್ನೂ ಆಡಿರಲಿಲ್ಲ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು ಮಗಳ ಮೇಲೆ ಹರಿಹಾಯ್ದೆ. ಸುಳ್ಳು ಹೇಳಿ ಇಲ್ಲಿಗೆ ಬರುವ ದರ್ದು ಏನಿತ್ತು, ಆ ಹುಡುಗ ಹೇಳಿಕೊಟ್ಟನೋ, ಅವನ ಮನೆಯವರು ಢಾವಲೊ ಕಲಿತು ಬಾ ಎಂದರೋ ಎಂದು ಜಾಡಿಸಿದೆ. ಯಾರೂ ಹೇಳಿಲ್ಲ ಎಂದಳು. ಹುಡುಗನಿಗೂ ಈ ಮಾತು ಅಷ್ಟಕ್ಕಷ್ಟೆ, ಅದೇ ಪ್ರಶ್ನೆಗೆ ಅವನೂ ಅಲ್ಲಿ ತಲೆ ತಗ್ಗಿಸಿದ್ದನಂತೆ. ನಾನು ನಂಬದ ಮುಖ ಮಾಡಿದೆ. ಆಗ ಅವಳು ದನಿ ಏರಿಸದೆ ಹೇಳಿದಳು:

"ಅವತ್ತ ನೀ ಫೋನ್ ಕಟ್ ಮಾಡ್ದಿ ಮಮ್ಮಿ. ಅಲ್ಲಿ ಹೋದಮ್ಯಾಲ ಎದುರಿಗಿ ಕುಂತು ನಂಗೂ ಕೇಳ್ತಾರ. ನಾ ಏನ್ ಕಟ್ ಮಾಡ್ಲಿ?"

ನಾನು ತಲೆಯ ಮೇಲಿನ ಸೆರಗು ಇಳಿಸಿ ಗೋಡೆಗೆ ಒರಗಿ ಕೂತೆ. ಮೌಶಿ ಬಾಟಿ, ಅಂದರೆ ನಮ್ಮ ರೊಟ್ಟಿ, ತಟ್ಟಿ ಊಟಕ್ಕೆ ಹಾಕಿದಳು. ಊಟ ಮಾಡುತ್ತಾ, ಈ ಹುಡುಗಿ ಮೊದಲ ದಿನ ಬಂದು ನಮ್ಮ ಮಾತು ಕಲಿಸು ಎಂದಾಗ ತಾನು ಕಲಿಸಲೇ ಇಲ್ಲ ಎಂದು ಹೇಳಿದಳು. ಅಡವಿಯಿಂದ ತಾಂಡಾ ಎತ್ತಿಸಲು ಸರ್ಕಾರದವರು ಯಾರೋ ಸರ್ವೆಗೆ ಕಳಿಸಿರಬೇಕು ಎಂದುಕೊಂಡಳಂತೆ. ಅನುಮಾನ ನಮ್ಮ ವಂಶಕ್ಕೇ ಅಂಟಿದೆ. ಕಲಿಸುವ ರೀತಿಯನ್ನೂ ಅವತ್ತೇ ನೋಡಿದೆ. ಮೌಶಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೈಯಲ್ಲಿರುವುದರ ಬಗ್ಗೆಯೇ ಮಾತಾಡುತ್ತಾಳೆ, ಮಗಳು ಅದರ ಬಗ್ಗೆಯೇ ಉತ್ತರ ಕೊಡಬೇಕು. ಢಾವಲೊದ ರಾಗ ಕಲಿಸುತ್ತಾಳೆ, ಮಾತು ಕಲಿಸುವುದಿಲ್ಲ. ಅದು ಅವರವರ ಮನೆಯದು, ಇನ್ನೊಬ್ಬಳ ತವರಿನ ಮಾತು ಹಾಡಿದರೆ ಬೀಗರಿಗೆ ತಕ್ಷಣ ಗೊತ್ತಾಗುತ್ತದೆ ಎನ್ನುತ್ತಾಳೆ.

ಹಿಂದಿರುಗುವ ಬಸ್ಸಿನಲ್ಲಿ ನಾನು ಮಗಳಿಗೆ ಒಂದೇ ಮಾತು ಹೇಳಿದೆ: ಕಲಿಯುವುದಾದರೆ ಕಲಿ, ಮದುವೆಯಲ್ಲಿ ಮಾತ್ರ ಬೇಡ. ರೈಲ್ವೆಯವರು ಬರುತ್ತಾರೆ, ನನ್ನ ಶಾಲೆಯವರು ಬರುತ್ತಾರೆ, ಎಲ್ಲರೂ ಮೊಬೈಲು ಎತ್ತಿ ಹಿಡಿಯುತ್ತಾರೆ. ನಮ್ಮ ಕನ್ನಡಿ ಹಚ್ಚಿದ ಲಂಗ ಮೆರವಣಿಗೆಗೆ ಬೇಕು, ಸ್ವಾಗತಕ್ಕೆ ಬೇಕು, ವೇದಿಕೆಯ ಕುಣಿತಕ್ಕೆ ಬೇಕು. ಅದನ್ನು ತೊಟ್ಟವಳು ಏನು ಮಾತಾಡುತ್ತಾಳೆ ಎಂದು ಕೇಳಿದವರು ಯಾರು? ಬಾಯಿಪಾಠ ಮಾಡಿದ ಎರಡು ಸಾಲು ಹಾಡಿ ಅವಳೂ ಅಂಥದೇ ಒಂದು ದೃಶ್ಯವಾಗುವುದು ನನಗೆ ಬೇಕಿರಲಿಲ್ಲ. ಮಗಳು ಕಿಟಕಿಯ ಕಡೆ ತಿರುಗಿ ಮೌಶಿ ಕಲಿಸಿದ ರಾಗವನ್ನೇ ಮೆಲ್ಲಗೆ ಗುನುಗುತ್ತಿದ್ದಳು.

ಇದೇ ಸಂಶಯವನ್ನು ಹುಡುಗನ ಮುಂದೂ ಇಟ್ಟೆ. ಬೋರ್ಡು ಬರೆದದ್ದು ಸರಿ, ಶಾಲೆ ತೆಗೆದದ್ದು ಸರಿ, ಆ ಭಾಷೆಯಲ್ಲಿ ಅಲ್ಲಿ ಯಾರಾದರೂ ತರಕಾರಿ ಕೊಳ್ಳುತ್ತಾರೆಯೇ ಎಂದು ಕೇಳಿದೆ. ಅವನು ಯೋಚಿಸಿ, ತಾನಿರುವ ಊರಿನಲ್ಲಿ ಇಲ್ಲ ಎಂದ. ಅಂಗಡಿಯ ಮಾತು ಹಾಗಿರಲಿ, ಶನಿವಾರ ಕೂತು ಮಾತಾಡಿದವರೇ ಕೋಣೆಯ ಬಾಗಿಲು ದಾಟಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರಂತೆ. ಆದರೂ ಮುಂದಿನ ಶನಿವಾರ ಮತ್ತೆ ಬರುತ್ತಾರಂತೆ. ನನಗೆ ಅವನ ಮೇಲೆ ನಂಬಿಕೆ ಬಂದದ್ದು ಆ ಹೊತ್ತಿಗೆ. ಸುಳ್ಳು ಹೇಳುವವನಾಗಿದ್ದರೆ ಇಡೀ ಊರು ಅದನ್ನೇ ಆಡುತ್ತದೆ ಎನ್ನುತ್ತಿದ್ದ. ಮದುವೆಯ ಕೆಲಸ ನಡೆಯಲಿ ಎಂದು ಯಜಮಾನರಿಗೆ ಹೇಳಿದೆ. ಅವರಿಗೆ ಅದು ನಿಂತಿತ್ತು ಎನ್ನುವುದೇ ಗೊತ್ತಿರಲಿಲ್ಲ, ಆಗಲೇ ಅಡುಗೆಯವರಿಗೆ ಹೇಳಿ ಬಂದಿದ್ದರು.

ಮದುವೆ ವಾಡಿಯ ಫಂಕ್ಷನ್ ಹಾಲಿನಲ್ಲಾಯಿತು. ಹುಡುಗ ರಜೆ ಹಾಕಿ ಬಂದಿದ್ದ. ಅವನು ಮೊದಲು ಹಿಂದಿರುಗುವುದು, ವೀಸಾ ಬಂದ ಮೇಲೆ ಮಗಳು ಒಬ್ಬಳೇ ವಿಮಾನ ಹತ್ತುವುದು ಎಂದು ಮಾತಾಗಿತ್ತು. ಸಂಜೆ ಸೇಡಂಗೆ ಹೋಗುವ ಕಾರು ಬಂದು ನಿಂತಿತು. ತಾಂಡಾದಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಹೆಂಗಸರು ಬಾಗಿಲ ಹತ್ತಿರ ಗುಂಪಾದರು. ಮೌಶಿ ರಾಗ ಎತ್ತಿದಳು. ನಾನು ತಡೆಯುವಷ್ಟರಲ್ಲಿ ಮಗಳು ಅಪ್ಪನ ಕೊರಳು ತಬ್ಬಿದ್ದಳು.

ನಾನು ಕಂಬದ ಹಿಂದೆ ನಿಂತು ಕಿವಿಗೊಟ್ಟೆ. ಬಾಯಿಪಾಠವಾಗಿದ್ದರೆ ನನಗೆ ತಿಳಿಯದೆ ಇರುವುದಿಲ್ಲ, ಎಷ್ಟು ಮಕ್ಕಳ ಬಾಯಿಪಾಠ ಕೇಳಿದ್ದೇನೆ. ಆದರೆ ಅವಳು ಹೇಳುತ್ತಿದ್ದದ್ದು ನಮ್ಮ ಕ್ವಾರ್ಟರ್ಸಿನ ಕಟ್ಟೆಯ ಬಗ್ಗೆ, ರಾತ್ರಿ ಪಾಳಿ ಮುಗಿಸಿ ಅಪ್ಪ ತರುತ್ತಿದ್ದ ಬಿಸಿ ಇಡ್ಲಿಯ ಬಗ್ಗೆ, ಒಣಗಿಸಿದ ಬಟ್ಟೆಯ ಮೇಲೆ ಕೂರುವ ಸಿಮೆಂಟು ಧೂಳಿನ ಬಗ್ಗೆ. ಮೌಶಿ ಅವನ್ನು ಕಂಡವಳೇ ಅಲ್ಲ. ಮಾತು ಅಲ್ಲಲ್ಲಿ ಎಡವುತ್ತಿತ್ತು, ನಡುನಡುವೆ ಕನ್ನಡ ನುಸುಳುತ್ತಿತ್ತು, ತಾಂಡಾದ ಹೆಂಗಸರು ಅದಕ್ಕೂ ತಲೆದೂಗಿ ಅಳುತ್ತಿದ್ದರು. ನಾನು ಅಂದುಕೊಂಡಂತೆ ಮೊಬೈಲುಗಳು ಮೇಲೆದ್ದಿದ್ದವು. ಆ ಹೊತ್ತಿಗೆ ಅವು ನನಗೆ ಏನೂ ಅನಿಸಲಿಲ್ಲ.

ಆಮೇಲೆ ಅವಳು ಕಂಬದ ಹಿಂದೆ ಬಂದು ನನ್ನ ಕೊರಳಿಗೆ ಬಿದ್ದಳು. ಹುಟ್ಟಿದಾಗಿನಿಂದ ಮಮ್ಮಿ ಎಂದವಳು ಯಾಡಿ ಎಂದಳು. ಯಾಡಿ, ಇನ್ನು ನಾನು ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ಕೇಳುವವರು ಯಾರು? ಯಾಡಿ, ನನ್ನ ಚಪ್ಪಲಿಯ ಮಣ್ಣು ನೋಡುವವರು ಯಾರು? ಅಷ್ಟು ದೂರದ ಊರಿನಲ್ಲಿ, ಎಲ್ಲಿ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಎಂದು ನನ್ನ ಮೇಲೆ ಅನುಮಾನಪಡುವಷ್ಟು ಹತ್ತಿರದವರು ಯಾರಿದ್ದಾರೆ, ಯಾಡಿ?

ತಾಯಿ ಉತ್ತರ ಕೊಡಬೇಕು. ಎಲ್ಲ ಹೆಂಗಸರೂ ನನ್ನ ಬಾಯಿ ನೋಡುತ್ತಿದ್ದರು. ರಾಗ ಬರಲಿಲ್ಲ, ಹಾಡು ಬರಲಿಲ್ಲ. ಬಾಯಿಗೆ ಬಂದದ್ದು ನನ್ನ ಎಂದಿನ ಅನುಮಾನವೇ. ವಿಮಾನ ಇಳಿದಾಗ ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎಂದು ಗೋರಬೋಲಿಯಲ್ಲಿ ಕೇಳಿದೆ. ಅವನು ಬರುತ್ತಾನೆ ಎಂದಳು, ಅದೇ ಮಾತಿನಲ್ಲಿ. ಬಾರದಿದ್ದರೆ? ಬಂದೇ ಬರುತ್ತಾನೆ, ಅಲ್ಲಿಯವರೆಗೆ ಒಳಗೇ ಕೂತಿರುತ್ತೇನೆ. ಅವನ ಡ್ಯೂಟಿ ಇದ್ದರೆ? ಅವಳಿಗೆ ಅಳುವಿನ ನಡುವೆಯೇ ನಗು ಬಂತು, ನನ್ನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಅದಕ್ಕೂ ಉತ್ತರ ಹೇಳಿದಳು. ನಾನು ಇನ್ನೊಂದು ಕೇಳಿದೆ. ನನ್ನ ಶಾಲೆಯವರು, ರೈಲ್ವೆಯವರು ಅದೂ ಹಾಡಿನದೇ ಭಾಗ ಎಂದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು.